ಮುಂದಿನ ಮಣೆಯವನು

ಹೋದ ತಿಂಗಳು ಅವನು ತೀರಿಕೊಂಡನೆಂದು ಹುಬ್ಬಳ್ಳಿಯಿಂದ ಬಂದ ಬೀಗರು ಊಟದ ನಡುವೆ ಹೇಳಿದರು. ನಾನು ‘ಅಯ್ಯೋ ಪಾಪ’ ಎಂದೆ. ಅದರ ಬೆನ್ನಿಗೇ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, ಕೊನೆಗೆ ಕಳಿಸಿಕೊಡಲು ಎಷ್ಟು ಜನ ಬಂದಿದ್ದರು ಎಂಬುದು. ಓಣಿ ಹಿಡಿಸಲಾರದಷ್ಟು ಜನ ಎಂದರು ಬೀಗರು. ಎಪ್ಪತ್ತರ ಹತ್ತಿರ ಬಂದ ಮುದುಕ ನಾನು, ಸತ್ತವನ ಮೇಲೆ ಕರುಬುತ್ತ ಕೂತಿದ್ದೆ. ತಾಟಿನಲ್ಲಿ ಸಾರು ಆರಿಹೋಯಿತು.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅದು ಇನ್ನೊಂದು ಸಲ ಅಚ್ಚಾದಂತಾಗುತ್ತದೆ, ಅಷ್ಟು ಔದಾರ್ಯ ನನಗಿನ್ನೂ ಬಂದಿಲ್ಲ. ‘ಅವರು’ ಎಂದೂ ಬರೆಯುವುದಿಲ್ಲ. ಎದುರಿಗೆ ಕಡೆಯವರೆಗೂ ‘ರೀ’ ಹಚ್ಚಿಯೇ ಮಾತಾಡಿಸಿದೆ, ಮನಸ್ಸಿನಲ್ಲಿ ಒಂದು ದಿನವೂ ಹಚ್ಚಲಿಲ್ಲ. ಈಗ ಕಾಗದದ ಮೇಲೆ ಸುಳ್ಳು ಯಾಕೆ?

ಎರಡನೆಯ ಮಹಾಯುದ್ಧಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಪುಣೆಯ ಸದಾಶಿವ ಪೇಠೆಯಲ್ಲಿ, ಹತ್ತಾರು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಮ್ಮ ಬಿಡಾರ. ಲಷ್ಕರಿನ ಕಚೇರಿಯಲ್ಲಿ ನಾನು ಕಾರಕೂನ. ಅದೇ ವಾಡೆಯಲ್ಲಿ, ಅಂಗಳದ ಆಚೆ, ಒಂದೇ ಖೋಲಿಯಲ್ಲಿ ಅವನು. ಟಪಾಲು ಕಚೇರಿಯಲ್ಲಿ ಕಾಗದಗಳಿಗೆ ಶಿಕ್ಕಾ ಒತ್ತುವುದು ಅವನ ಕೆಲಸ. ನಾನು ಧಾರವಾಡದವ, ಅವನು ವಿಜಾಪುರದ ಕಡೆಯವ. ವಾಡೆಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಅವನ ಹೆಂಡತಿ ಮಕ್ಕಳು ಊರಲ್ಲೇ ಇದ್ದರು. ಸಂಜೆ ನಮ್ಮ ಕಟ್ಟೆಗೆ ಬಂದು ಕೂತು, “ಒಂದೀಟು ಕನ್ನಡ ಮಾತಾಡ್ರಿ, ದಿನಾ ಎಲ್ಲಾ ಮರಾಠಿ ಆಡಿ ನಾಲಿಗಿ ಬಾಡಿಗಿಗೆ ಕೊಟ್ಟಂಗ ಆಗೇದ” ಎನ್ನುತ್ತಿದ್ದ. ಗಿಡ್ಡ ಆಳು. ಕಿವಿ ದೊಡ್ಡವು. ಒಂದು ದವಡೆಯಲ್ಲಿ ಯಾವಾಗಲೂ ಅಡಿಕೆ ಚೂರು. ಯಾವುದಕ್ಕೂ “ಆಗಲಿ ಬಿಡ್ರಿ” ಎನ್ನುವವ. ನೋಡಿದರೆ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇರಲಿಲ್ಲ. ಅದಕ್ಕೇ ನಾನು ಅವನನ್ನು ಆರಿಸಿದ್ದು.

ಆರಿಸಿದ್ದು ಯಾತಕ್ಕೆಂದರೆ, ಆ ವರ್ಷ ನಾನು ದೋಣಿ ನಡೆಸುವುದನ್ನು ಕಲಿಯಲು ಹೋಗುತ್ತಿದ್ದೆ. ಬಿಳಿಯರ ಕ್ಲಬ್ಬಿನಲ್ಲಿ ನಮ್ಮಂಥವರಿಗೆ ಪ್ರವೇಶವಿರಲಿಲ್ಲ. ಒಬ್ಬ ನಿವೃತ್ತ ಇಂಜಿನಿಯರು ಆ ಕ್ಲಬ್ಬಿನ ಹಳೆಯ ದೋಣಿ ಎರಡನ್ನು ಕೊಂಡು, ಸಂಗಮದ ಕೆಳಗೆ ನದಿಯ ದಂಡೆಗೆ ಒಂದು ತಗಡಿನ ಮನೆ ಕಟ್ಟಿ, ಕಾರಕೂನರು, ಮಾಸ್ತರರು, ಅಂಗಡಿಕಾರರು ಯಾರು ಬಂದರೂ ಕಲಿಸುತ್ತೇನೆಂದು ಒಂದು ಮಂಡಳಿ ಮಾಡಿದ್ದರು. ಅವರನ್ನು ನಾವು ಕಪ್ತಾನ ಸಾಹೇಬರೆಂದು ಕರೆಯುತ್ತಿದ್ದೆವು. ನಾನು ಸೇರಿದ ಒಂದು ವಾರಕ್ಕೆ ನನಗೊಂದು ಸತ್ಯ ಹೊಳೆಯಿತು: ಅಲ್ಲಿದ್ದವರಲ್ಲೆಲ್ಲ ದಡ್ಡ ನಾನೇ. ನನಗಿಂತ ದಡ್ಡ ಒಬ್ಬ ಬೇಕಾಗಿತ್ತು. ಸಂಜೆ ಕಟ್ಟೆಯ ಮೇಲೆ ಅಡಿಕೆ ಜಗಿಯುತ್ತ ಕೂತವನನ್ನು ನೋಡಿದೆ.

“ಬರ್ರಿ ನಮ್ಮ ಮಂಡಳಿಗೆ. ಬೆಳಗಿನ ನದೀ ಗಾಳಿ ಭಾಳ ಛಲೋ ಇರ್ತದ” ಎಂದೆ.

“ನನಗ ಈಸಲಿಕ್ಕೆ ಬರೂದಿಲ್ರಿ” ಎಂದ. “ನಮ್ಮೂರಾಗ ಕುಡೀಲಿಕ್ಕೇ ನೀರು ಇರೂದಿಲ್ಲ, ಈಸಲಿಕ್ಕೆ ಎಲ್ಲಿಂದ ತರೂದು?”

“ದೋಣಿ ಮಾಡೇದ ಯಾತಕ್ಕ ಮತ್ತ? ಈಸೂದು ತಪ್ಪಲಿ ಅಂತ.”

ಅವನು ನಕ್ಕ. “ಆಗಲಿ ಬಿಡ್ರಿ” ಎಂದ.

ಮಂಡಳಿಯಲ್ಲಿ ಒಂದು ನಿಯಮವಿತ್ತು. ಹೊಸಬರ ಅರ್ಜಿಯ ಕೆಳಗೆ ಸದಸ್ಯರೊಬ್ಬರು ‘ಇವರಿಗೆ ಈಜು ಬರುತ್ತದೆ, ನಾನು ಬಲ್ಲೆ’ ಎಂದು ಬರೆದು ಸಹಿ ಮಾಡಬೇಕು. ನಾನು ಮಾಡಿದೆ. ಸಹಿಯ ಕೆಳಗೆ ಠೀವಿಯಿಂದ ಒಂದು ಗೆರೆಯನ್ನೂ ಎಳೆದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಮೊದಲ ದಿನವೇ ಇರುವೆ ಕಚ್ಚಿತು. ದೋಣಿಗೆ ಹತ್ತುವ ಮುಂಚೆ ಅವನು ಬಗ್ಗಿ ಅದರ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕೂತು ದುಡಿಯುವ ಜಾಗಕ್ಕೆ ಕಾಲಿಡುವ ಮೊದಲು ನಮ್ಮ ಕಡೆ ಎಲ್ಲರೂ ಮಾಡುವುದೇ ಅದು, ನಾನೂ ಕಚೇರಿಯ ಮೇಜಿಗೆ ಮಾಡುತ್ತಿದ್ದೆ. ಆದರೆ ದೋಣಿಗೆ ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಒಂದು ವಾರದಿಂದ ಚಪ್ಪಲಿ ಮೆಟ್ಟಿದಂತೆ ಕಾಲು ತೂರಿಸುತ್ತಿದ್ದೆ. ಎಲ್ಲರೂ ನಕ್ಕರು. ದೇವರು ದಿಂಡರನ್ನು ನಂಬದ ಕಪ್ತಾನರು ಮಾತ್ರ ನಗಲಿಲ್ಲ. “ಹತ್ತುವವರು ಹೀಗೆ ಬಗ್ಗಿ ಹತ್ತಬೇಕು, ಆಗ ದೋಣಿ ಅಲ್ಲಾಡುವುದಿಲ್ಲ. ನಾಳೆಯಿಂದ ಎಲ್ಲರೂ ಕಾನಡೀ ಅಪ್ಪಾನ ಹಾಗೆ” ಎಂದರು. ಅಂದಿನಿಂದ ಅವನು ಮಂಡಳಿಗೆ ‘ಕಾನಡೀ ಅಪ್ಪಾ’. ಇನ್ನೊಬ್ಬ ಕನ್ನಡದವನನ್ನೂ ಏನಾದರೂ ಕರೆಯಬೇಕಲ್ಲ. ನಾನು ‘ದುಸರೇ ಅಪ್ಪಾ’ ಆದೆ. ಅವನಿಗಿಂತ ಒಂದು ವಾರ ಮೊದಲು ಸೇರಿದವ ನಾನು, ಎರಡನೆಯವನಾದೆ.

ಹೊಸಬರು ಕಲಿಯುವ ದೋಣಿ ಅಗಲವಾಗಿ, ಭಾರವಾಗಿ, ನೀರಿನಲ್ಲಿ ಬಿದ್ದರೆ ಏಳಲೊಲ್ಲದಂತಿತ್ತು. ಅದಕ್ಕೆ ಎಮ್ಮೆ ಎಂದೇ ಹೆಸರು. ಇನ್ನೊಂದು ದೋಣಿ ಸಣ್ಣ ಮೈಯದು, ಪಂದ್ಯದ್ದು. ಅದರಲ್ಲಿ ಕೂರುವ ಮಣೆಗಳ ಕೆಳಗೆ ಗಾಲಿಗಳಿದ್ದು, ಹುಟ್ಟು ಹಾಕುವಾಗ ಮಣೆ ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ನಾಲ್ಕು ಜನ ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಎಳೆಯುವುದು, ದೋಣಿಯ ಬಾಲದಲ್ಲಿ ಕಪ್ತಾನರು ನಮ್ಮ ಕಡೆ ಮುಖ ಮಾಡಿ ಚುಕ್ಕಾಣಿ ಹಿಡಿಯುವುದು. ನಾವು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಿದ್ದೆವು. ಎಲ್ಲಿಗೆ ಹೋಗುತ್ತಿದ್ದೇವೆಂದು ಕಪ್ತಾನರಿಗೆ ಮಾತ್ರ ಕಾಣುತ್ತಿತ್ತು. ಅವರ ಎದುರಿನ ಮಣೆಯವನು ತಾಳ ಹಿಡಿಯುವವ. ಉಳಿದ ಮೂವರು ಅವನ ಬೆನ್ನು ನೋಡಿಕೊಂಡು ಎಳೆಯಬೇಕು. ಆ ಮಣೆಯ ಮೇಲೆ ನನ್ನ ಕಣ್ಣಿತ್ತು. ಕಣ್ಣೇನು, ಪ್ರಾಣವೇ ಇತ್ತು ಎಂದರೂ ಸರಿಯೇ. ಕಚೇರಿಯಲ್ಲಿ ಹನ್ನೊಂದು ವರ್ಷ ಇನ್ನೊಬ್ಬರು ಬರೆದದ್ದನ್ನು ನಕಲು ಮಾಡಿದವ ನಾನು, ಒಂದು ಸಲ ನನ್ನನ್ನು ನೋಡಿ ಮೂರು ಜನ ನಡೆಯಲಿ ಎಂಬ ಆಸೆ.

ಅದಕ್ಕೆಂದು ಇಂಗ್ಲಿಷಿನ ಒಂದು ಪುಸ್ತಕ ತಂದು ಓದಿದೆ. ಮನೆಯಲ್ಲಿ ನೆಲದ ಮೇಲೆ ಕೂತು ಲಟ್ಟಣಿಗೆ ಹಿಡಿದು ಸಾಧನೆ ಮಾಡಿದೆ. ಹೆಂಡತಿ ಲಟ್ಟಣಿಗೆ ಕಸಿದುಕೊಂಡಳು. “ಅವ್ರೂ ಹೋಗ್ತಾರ, ನೀವೂ ಹೋಗ್ತೀರಿ. ಅವ್ರು ಬಂದ ಮ್ಯಾಲೆ ನಮಗೂ ಸೇರಿಸಿ ಬಾವಿಯಿಂದ ನಾಕು ಕೊಡ ನೀರು ಸೇದಿ ಕೊಡ್ತಾರ. ನೀವು ಬಂದ ಕೂಡ್ಲೆ ಅಡ್ಡಾಗ್ತೀರಿ” ಎಂದಳು. ಅವನು ನಮಗೆ ನೀರು ಸೇದಿ ಕೊಡುತ್ತಿದ್ದನೆಂಬುದು ನನಗೆ ಅಂದೇ ಗೊತ್ತಾದದ್ದು. ಮರುದಿನದಿಂದ ಸೊಂಟ ಹಿಡಿದುಕೊಂಡರೂ ನಾನೇ ಸೇದತೊಡಗಿದೆ.

ಅವನು ಪುಸ್ತಕ ಓದಲಿಲ್ಲ. ಒಂದು ಬೆಳಿಗ್ಗೆ ಕಪ್ತಾನರು ಎಮ್ಮೆಯಲ್ಲಿ ನಮ್ಮನ್ನು ಕೂರಿಸಿ, ಮುಂದಕ್ಕೆ ಬಗ್ಗುವಾಗ ನಿಧಾನ, ಹುಟ್ಟು ನೀರಿಗೆ ಬಿದ್ದ ಮೇಲೆ ಜೋರು ಎಂದು ಮರಾಠಿಯಲ್ಲಿ ನೂರು ಸಲ ಹೇಳಿದರು. ನಮ್ಮದೆಲ್ಲ ಉಲ್ಟಾ. ಬಗ್ಗುವುದು ಜೋರು, ಎಳೆಯುವುದು ನಿಧಾನ. ಅವನು ಸ್ವಲ್ಪ ಹೊತ್ತು ಅಡಿಕೆ ಹೊರಳಿಸಿ, ನನ್ನ ಕಡೆ ತಿರುಗಿ ಕೇಳಿದ: “ಅಂದ್ರ, ಮಸಿಗೆ ಮೆತ್ತಗ, ಕಾಗದಕ್ಕ ಗಟ್ಟಿ. ಹೌದಲ್ರಿ?”

ಶಿಕ್ಕಾ ಒತ್ತುವವರ ಲೆಕ್ಕ ಅದು. ಮೊದಲು ಮಸಿಯ ದಿಂಡಿಗೆ ಶಿಕ್ಕಾ ಮೆತ್ತಗೆ ಮುಟ್ಟಬೇಕು, ಆಮೇಲೆ ಕಾಗದದ ಮೇಲೆ ಗಟ್ಟಿಯಾಗಿ ಒತ್ತಬೇಕು. ದಿನಕ್ಕೆ ಸಾವಿರಗಟ್ಟಲೆ ಕಾಗದಕ್ಕೆ ಹಾಗೆ ಒತ್ತಿ ಒತ್ತಿ ಆ ತಾಳ ಅವನ ಮೈಯಲ್ಲಿ ಇಳಿದುಬಿಟ್ಟಿತ್ತು. ಹೇಳಿದವನೇ ಹಾಗೇ ಹುಟ್ಟು ಹಾಕತೊಡಗಿದ. ಎಮ್ಮೆ ಒಮ್ಮೆಲೆ ಎದ್ದು ನಡೆದಂತಾಯಿತು. ಕಪ್ತಾನರು ಅರ್ಥ ಕೇಳಿದರು. ಮರಾಠಿಗೆ ತಿರುಗಿಸಿ ಹೇಳಿದವನು ನಾನೇ. ಮುಂದೆ ಬಂದ ಹೊಸಬರಿಗೆಲ್ಲ ಕಪ್ತಾನರು ಕಲಿಸಿದ್ದು ಆ ಮಾತಿನಿಂದಲೇ. ನಾನು ಓದಿದ ಪುಸ್ತಕ ಪೆಟ್ಟಿಗೆಯ ತಳ ಸೇರಿತು.

ಧೋತರದ ಪ್ರಸಂಗವನ್ನು ಬಿಟ್ಟುಬಿಡೋಣವೆಂದಿದ್ದೆ. ಆದರೆ ಅದಿಲ್ಲದೆ ಅವನು ಪೂರ್ತಿಯಾಗುವುದಿಲ್ಲ. ಸಣ್ಣ ದೋಣಿಗೆ ನಮ್ಮನ್ನು ಏರಿಸುವ ದಿನ ಚಡ್ಡಿ ಹಾಕಿಕೊಂಡು ಬರಬೇಕೆಂದು ಕಪ್ತಾನರು ಹೇಳಿದ್ದರು. ಮೊಣಕಾಲು ಬಿಟ್ಟುಕೊಂಡು ಸದಾಶಿವ ಪೇಠೆಯಲ್ಲಿ ನಡೆಯುವುದೆಂದರೆ? ನಾನು ಧೋತರವನ್ನೇ ಬಿಗಿಯಾಗಿ ಕಚ್ಚೆ ಹಾಕಿ ಹೋದೆ. ಹತ್ತು ಸಲ ಹುಟ್ಟು ಹಾಕುವಷ್ಟರಲ್ಲಿ ಮಣೆಯ ಗಾಲಿ ಧೋತರವನ್ನು ಹಿಡಿಯಿತು. ಮಣೆ ಜಾರಿದಷ್ಟೂ ಅದು ಒಳಗೆ ಸುತ್ತಿಕೊಂಡಿತು. ದಂಡೆಗೆ ಬಂದ ಮೇಲೆ ಎಲ್ಲರೂ ಇಳಿದರು, ನನಗೆ ಏಳಲು ಬಾರದು. ಎದ್ದರೆ ಮಾನ ಹೋಗುತ್ತಿತ್ತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯಲು ಬಂದ ಹೆಂಗಸರಿದ್ದರು. ಅವನು ಮಾತ್ರ ಮರಳಿ ಬಂದ. ಅವನು ಮನೆಯಿಂದ ಧೋತರ ಉಟ್ಟು ಬಂದು, ಒಳಗೆ ತೊಟ್ಟಿದ್ದ ಖಾಕಿ ಚಡ್ಡಿಯಲ್ಲೇ ದೋಣಿ ಏರಿ, ಧೋತರವನ್ನು ದಂಡೆಯ ಮೇಲೆ ಮಡಿಸಿ ಇಟ್ಟಿದ್ದ. ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ. ಆ ಧೋತರವನ್ನು ನನಗೆ ಮರೆ ಹಿಡಿದು, ಮುಖ ಆಚೆ ತಿರುಗಿಸಿ ನಿಂತ. “ಉಟ್ಕೋರಿ ಇದನ್ನ. ನಾ ಮುಂದ ಓಡ್ತೀನಿ, ಗರಡಿ ತಾಲೀಮಿನಿಂದ ಬಂದಾನ ಅಂತ ತಿಳೀತಾರ” ಎಂದ. ಸಂಗಮದಿಂದ ಸದಾಶಿವ ಪೇಠೆಯವರೆಗೆ ಚಡ್ಡಿಯಲ್ಲೇ ಓಡಿದ. ವಾಡೆಯಲ್ಲಿ ಎರಡು ದಿನ ಅವನನ್ನು ನೋಡಿ ನಕ್ಕರು. ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ. ನನಗೆ ಅವನ ಮೇಲೆ ಪ್ರೀತಿ ಬರಬೇಕಾಗಿತ್ತು. ಸಿಟ್ಟು ಬಂತು. ಉಪಕಾರ ಮಾಡಿದವನ ಮುಖ ದಿನಾ ಬೆಳಿಗ್ಗೆ ನೋಡುವುದು ಎಂಥ ಶಿಕ್ಷೆ ಎಂದು ಅನುಭವಿಸಿದವರೇ ಬಲ್ಲರು.

ಚಳಿಗಾಲ ಬಂತು. ನದಿಯಲ್ಲಿ ಮೂರು ಮಂಡಳಿಗಳ ಹೊಸಬರ ಪಂದ್ಯವೊಂದು ಗೊತ್ತಾಯಿತು. ಕಪ್ತಾನರು ನಾಲ್ವರ ಹೆಸರು ಹೇಳಿದರು. ತಾಳದ ಮಣೆ ಅವನಿಗೆ. ಅವನ ಬೆನ್ನ ಹಿಂದಿನ ಮಣೆ ನನಗೆ. ನಾಲ್ವರಲ್ಲಿ ನನ್ನ ಹೆಸರಿತ್ತೆಂಬುದೇ ಮೊದಲು ನಂಬಲಾಗದ ಸಂಗತಿ. ಇನ್ನೊಬ್ಬನಾಗಿದ್ದರೆ ಪೇಢೆ ಹಂಚುತ್ತಿದ್ದ. ನಾನು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ದಿನಾ ಬೆಳಿಗ್ಗೆ ಅವನ ಬೆನ್ನು, ಬೆನ್ನಿನ ನಡುವೆ ಬೆವರಿನ ಗೆರೆ, ಆ ದೊಡ್ಡ ಕಿವಿಗಳು, ಇವನ್ನೇ ನೋಡಿಕೊಂಡು ಎಳೆಯಬೇಕು. ಅವನಿಗೆ ನಾನು ಕಾಣುವುದೂ ಇಲ್ಲ. ಕಪ್ತಾನರು ಅವನೊಡನೆ ಕಣ್ಣಲ್ಲೇ ಮಾತಾಡುತ್ತಿದ್ದರು. ನಮಗೆ ಬರೀ ಗದರಿಕೆ.

ಪಂದ್ಯಕ್ಕೆ ಮೂರು ದಿನವಿದ್ದಾಗ ನಾನು ಕಪ್ತಾನರ ಮನೆಗೆ ಹೋದೆ. ಯಾಕೆ ಹೋದೆನೆಂದು ಆಗ ನನಗೆ ನಾನೇ ಹೇಳಿಕೊಂಡದ್ದು ಬೇರೆ, ನಿಜ ಬೇರೆ. ಕಪ್ತಾನರು ಅಂಗಳದಲ್ಲಿ ಕೂತು ಅಡಕತ್ತರಿಯಿಂದ ಅಡಿಕೆ ಕತ್ತರಿಸುತ್ತಿದ್ದರು. ನನ್ನನ್ನು ಒಳಗೆ ಕರೆಯಲಿಲ್ಲ. ನಿಂತುಕೊಂಡೇ ಹೇಳಿದೆ: ಕಾನಡೀ ಅಪ್ಪಾನಿಗೆ ಈಜು ಬರುವುದಿಲ್ಲ. ಜೀವದ ಪ್ರಶ್ನೆ. ಹೆಂಡತಿ ಮಕ್ಕಳಿದ್ದಾರೆ. ಮನಸ್ಸು ತಡೆಯದೆ ಹೇಳಲು ಬಂದೆ. ಅವನನ್ನು ಆ ಮಣೆಯಿಂದ ಇಳಿಸಿರಿ. ಇಷ್ಟನ್ನೂ ಹೇಳುವಾಗ ಕಣ್ಣಲ್ಲಿ ಸ್ವಲ್ಪ ನೀರನ್ನೂ ತಂದುಕೊಂಡೆ. ಅದನ್ನು ನೆನೆದರೆ ಇಂದಿಗೂ ಮೈ ಮುದುಡುತ್ತದೆ.

ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಅವನಿಗೆ ಈಜು ಬರುತ್ತದೆಂದು ಸಹಿ ಮಾಡಿದವರು ಯಾರು?”

“ನಾನೇ” ಎಂದೆ.

“ಗೊತ್ತು. ಸೇರಿದ ಎರಡನೆಯ ದಿನವೇ ಅವನು ನನಗೆ ಎಲ್ಲ ಹೇಳಿದ. ‘ಸಾಹೇಬ, ನನಗೆ ಈಜು ಬರುವುದಿಲ್ಲ. ಸಹಿ ಮಾಡಿದವರು ತಮ್ಮ ಭಾಷೆಯವನೊಬ್ಬ ಜೊತೆಗಿರಲಿ ಎಂಬ ಪ್ರೀತಿಗೆ ಮಾಡಿದ್ದಾರೆ. ಅವರಿಗೆ ಏನೂ ಅನ್ನಬೇಡಿ, ಬೇಕಾದರೆ ನನ್ನನ್ನು ತೆಗೆಯಿರಿ’ ಎಂದ. ಈಜು ಕಲಿಯುವವರೆಗೆ ಎಮ್ಮೆಯನ್ನು ಬಿಟ್ಟು ಸಣ್ಣ ದೋಣಿ ಏರಕೂಡದೆಂದು ನಾನು ಹೇಳಿದೆ. ಅವನು ರವಿವಾರ ಎಲ್ಲಿಗೆ ಹೋಗುತ್ತಿದ್ದ ಗೊತ್ತೇ?”

“ಪರ್ವತಿ ಗುಡ್ಡಕ್ಕೆ, ದೇವರ ದರ್ಶನಕ್ಕೆ.”

“ಪರ್ವತಿಯ ಕೆಳಗಿನ ಬಾವಿಗೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಏಳೆಂಟು ವರ್ಷದ ಹುಡುಗರ ಜೊತೆ ಕೈಕಾಲು ಬಡಿದು ಕಲಿತ. ಸಣ್ಣ ದೋಣಿ ಏರುವ ಮೊದಲು ನನ್ನ ಎದುರಿಗೆ ನದಿ ದಾಟಿ ಮರಳಿ ಬಂದ.”

ಅಡಕತ್ತರಿ ಒಂದು ಸಲ ಕಟಕ್ ಎಂದಿತು. ಕಪ್ತಾನರು ಆಗ ನನ್ನ ಮುಖ ನೋಡಿದರು. “ಆಣಖೀ ಕಾಹೀ?” ಎಂದರು. ಇನ್ನೇನಾದರೂ ಇದೆಯೇ? ನಾನು ತಲೆ ಅಲ್ಲಾಡಿಸಿ ಹೊರಗೆ ಬಂದೆ.

ಬರುವ ದಾರಿಯಲ್ಲಿ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಆಗಿದ್ದು ಬೇರೆ. ಅವನು ಹುಟ್ಟು ಹಾಕುವುದರಲ್ಲಿ ನನ್ನನ್ನು ಮೀರಿಸಿದ್ದ, ಸರಿ. ಒಳ್ಳೆಯತನದಲ್ಲೂ ಮೀರಿಸಬೇಕೇ? ನನಗೆ ಅಂತ ಒಂದು ಮೂಲೆಯನ್ನಾದರೂ ಬಿಡಬಾರದೇ? ಹೀಗೆ ಕುದಿಯುತ್ತ ಮನೆಗೆ ಬಂದರೆ, ಅವನು ನಮ್ಮ ಕಟ್ಟೆಯ ಮೇಲೆ ನನ್ನ ಹೆಂಡತಿ ಕೊಟ್ಟ ಅವಲಕ್ಕಿ ತಿನ್ನುತ್ತ ಕೂತಿದ್ದ. “ಎಲ್ಲಿಗೆ ಹೋಗಿದ್ರಿ? ಮಾರಿ ಇಳಿದದ ಯಾಕ?” ಎಂದ. ಹೊಟ್ಟೆ ನೋವು ಎಂದೆ. ಅದೇನು ಪೂರ್ತಿ ಸುಳ್ಳಲ್ಲ.

ಪಂದ್ಯದ ದಿನ ನದಿಯ ಎರಡೂ ದಂಡೆಗೆ ಜನ. ಕಪ್ತಾನರು ಅವನಿಗೆ ಹೇಳಿರುತ್ತಾರೆ, ಇನ್ನು ತಿರುಗಿ ಏನಾದರೂ ಅನ್ನುತ್ತಾನೆ, ಇನ್ನು ಅನ್ನುತ್ತಾನೆ ಎಂದು ನಾನು ಕಾದೆ. ಅವನು ಬಗ್ಗಿ ದೋಣಿಯನ್ನು ಮುಟ್ಟಿ ಕೂತ. ಹೊರಡುವ ಮುಂಚೆ, “ಹಗೂರಕ ಹೊಂಡೂಣ್ರಿ, ನೀವು ಹಿಂದ ಇದ್ದೀರಿ, ನನಗ ಧೈರ್ಯ ಅದ” ಎಂದ. ಆ ಮಾತಿಗೆ ನನಗೆ ಒಂದು ಕೆಟ್ಟ ಯೋಚನೆ ಬಂತು. ಒಂದು ಸಲ ತಾಳ ತಪ್ಪಿಸಿದರೆ ಸಾಕು, ಹುಟ್ಟು ಹುಟ್ಟಿಗೆ ಬಡಿದು ದೋಣಿ ನಿಲ್ಲುತ್ತದೆ. ಸೋತರೆ ಬೈಗುಳ ತಾಳದ ಮಣೆಯವನಿಗೆ. ಅರ್ಧ ದಾರಿಯವರೆಗೂ ಈಗ ತಪ್ಪಿಸುತ್ತೇನೆ, ಈಗ ತಪ್ಪಿಸುತ್ತೇನೆ ಎಂದುಕೊಂಡೆ. ಆದರೆ ಮೈ ಕೇಳಲಿಲ್ಲ. ನನ್ನ ಎದುರಿನ ಬೆನ್ನು ಮೆತ್ತಗೆ ಬಗ್ಗಿದರೆ ನಾನು ಬಗ್ಗುತ್ತಿದ್ದೆ, ಗಟ್ಟಿಯಾಗಿ ಹಿಂದೆ ಬಂದರೆ ನಾನು ಬರುತ್ತಿದ್ದೆ. ನಾಲ್ಕು ಹುಟ್ಟು ನೀರಿಗೆ ಬೀಳುವ ಸಪ್ಪಳ ಒಂದೇ ಆಗಿ ಕೇಳಿತು. ಕೆಲವು ನಿಮಿಷ ಯಾವ ಹೊಟ್ಟೆಕಿಚ್ಚೂ ನನಗಿರಲಿಲ್ಲ. ನನ್ನ ಜನ್ಮದಲ್ಲಿ ಅಂಥ ನಿಮಿಷಗಳು ಬಹಳ ಇಲ್ಲ. ಅವನ್ನು ಕೊಟ್ಟವನೂ ಅವನೇ ಎಂಬುದನ್ನು ಏನು ಮಾಡಲಿ?

ಗೆದ್ದೆವು. ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಯಾರೋ ನನ್ನ ಕೈಗೆ ಅವನ ಧೋತರ ಕೊಟ್ಟು ಹಿಡಿದುಕೊಂಡಿರಿ ಎಂದರು.

ಮುಂದಿನ ಬೇಸಿಗೆಗೆ ಅವನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸುದ್ದಿ ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡಲು ಬಹಳ ಕಷ್ಟಪಟ್ಟೆ. ಕಪ್ತಾನರು ತಾಳದ ಮಣೆಯನ್ನು ನನಗೇ ಕೊಟ್ಟರು, ಕೊಡುವಾಗ, ನಿಮಗೇ ಕೊಡಬೇಕೆಂದು ಅಪ್ಪಾ ಹೇಳಿ ಹೋಗುತ್ತಿದ್ದಾನೆ, ಅದಕ್ಕೆ, ಎಂದರು. ಬಿಡಿ.

ಅವನು ಹೊರಟ ದಿನ ಮೀರಜದ ಕಡೆ ಹೋಗುವ ಬೆಳಗಿನ ಗಾಡಿಗೆ ಬಿಡಲು ಸ್ಟೇಷನ್ನಿಗೆ ನಾನೊಬ್ಬನೇ ಹೋಗಿದ್ದೆ. ಟ್ರಂಕು ಏರಿಸಿ ಅವನು ಮತ್ತೆ ಕೆಳಗಿಳಿದ. ನನ್ನ ಎರಡೂ ಕೈ ಹಿಡಿದುಕೊಂಡ. ಕೈ ಬಿರುಸಾಗಿದ್ದವು, ಹುಟ್ಟು ಹಿಡಿದ ಗಂಟುಗಳಿದ್ದವು.

“ಒಂದು ಮಾತು ಹೇಳೂದು ಉಳಿದದರಿ. ಪಂದ್ಯದ ಮುಂಚೆ ನೀವು ಕಪ್ತಾನ ಸಾಹೇಬ್ರ ಮನಿಗೆ ಹೋಗಿದ್ರಂತ. ನಿನ್ನೆ ಹೇಳಿದ್ರು.”

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ.

“ನನಗ ಈಸು ಬರೂದಿಲ್ಲಂತ, ನಾ ಮುಳುಗಿ ಗಿಳುಗೀನಂತ, ಕಣ್ಣಾಗ ನೀರು ತಂದು ಹೇಳಿದ್ರಂತ. ನಾ ಈಸು ಕಲ್ತದ್ದು ನಿಮಗ ಹೇಳೇ ಇದ್ದಿಲ್ಲ ನೋಡ್ರಿ, ಹುಡುಗರ ಕೂಡ ಬುರುಡಿ ಕಟ್ಟಿಕೊಂಡು ಬೀಳತೀನಿ ಅಂತ ಹೇಳಲಿಕ್ಕೆ ನಾಚಿಕಿ ಬರ್ತಿತ್ತು. ಸುಮ್ಮನ ನಿಮಗ ಅಷ್ಟು ಕಾಳಜಿ ಹಚ್ಚಿದೆ.” ಅವನು ನನ್ನ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದ. “ನಮ್ಮಪ್ಪ ಹೋದ ಮ್ಯಾಲೆ ನಾ ಸಾಯ್ತೀನಂತ ಹೆದರಿಕೊಂಡವರು ಯಾರೂ ಇದ್ದಿಲ್ರಿ. ಇದನ್ನ ನಾ ಮರಿಯೂದಿಲ್ಲ.”

ಕಪ್ತಾನರು ನಾನಾಡಿದ ಮಾತನ್ನು ಆಡಿದಂತೆಯೇ ಹೇಳಿದ್ದರು, ಒಂದು ಅಕ್ಷರ ಸೇರಿಸದೆ. ದಯೆಯಿಂದಲೋ ನನ್ನನ್ನು ಸುಡಲೆಂದೋ ತಿಳಿಯದು. ಗಾಡಿ ಬಿಡಲು ಇನ್ನೂ ಐದು ನಿಮಿಷವಿತ್ತು. ನಿಜ ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಹಾಗಲ್ಲರೀ, ನಿಮ್ಮ ಮಣೆ ನನಗೆ ಬೇಕಾಗಿತ್ತು, ಅದಕ್ಕೆ ಹೋಗಿದ್ದೆ, ಎನ್ನಬೇಕಿತ್ತು, ಅಷ್ಟೇ. ನಾನು ಅವನ ಕೈ ಒತ್ತಿ ಹಿಡಿದು ಅಂದೆ:

“ಗೆಳೆಯಾ ಅಂದ ಮ್ಯಾಲೆ ಇಷ್ಟರೆ ಮಾಡಬೇಕಲ್ರಿ.”

ಅವನು ಕಣ್ಣೊರೆಸಿಕೊಂಡು ಗಾಡಿ ಹತ್ತಿದ. ಗಾಡಿ ಬಿಟ್ಟ ಮೇಲೂ ಬಹಳ ದೂರದವರೆಗೆ ಕೈ ಬೀಸಿದ. ಕೈ ಬೀಸುತ್ತ ನಿಂತ ನನಗೆ ಆಗಲೂ ಅವನ ಮೇಲೆ ಹೊಟ್ಟೆಕಿಚ್ಚೇ ಆಯಿತು. ನನ್ನಂಥವನನ್ನು ನಂಬಿ, ಅಷ್ಟು ಸುಖವಾಗಿ ಊರಿಗೆ ಹೋಗುತ್ತಿದ್ದನಲ್ಲ.